ನೀರು ತಂದವರು, ಕೊಳೆ ಕಳೆದವರು: ಸರ್ ಎಂ. ವಿಶ್ವೇಶ್ವರಯ್ಯ



ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಕನ್ನಂಬಾಡಿ ಕಟ್ಟೆ ಕಟ್ಟಿದವರು, ಮೈಸೂರಿನ ದಿವಾನರು, ಭಾರತರತ್ನ ಪಡೆದವರು ಎಂದು ನೀವು ಪ್ರಬಂಧ ಬರೆದಿದ್ದೀರಿ, ಭಾಷಣ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆದಿದ್ದೀರಿ. ಆದರೆ ಅವರು ತಮ್ಮ ಜೀವನದ ಹಲವು ವರ್ಷಗಳನ್ನು ಕುಡಿಯುವ ನೀರಿನ ಪೈಪು ಮತ್ತು ಊರಿನ ಚರಂಡಿಗಳ ಕೆಲಸದಲ್ಲಿ ಕಳೆದರೆಂಬುದು ಎಷ್ಟು ಜನರಿಗೆ ಗೊತ್ತು? ಮುಂಬಯಿ ಸರ್ಕಾರದಲ್ಲಿ ಅವರು ಸ್ಯಾನಿಟರಿ ಇಂಜಿನಿಯರ್ ಹುದ್ದೆಯಲ್ಲಿದ್ದರು. ಊರಿಗೆ ಶುದ್ಧ ನೀರು ಬರಬೇಕು, ಕೊಳೆ ನೀರು ಊರಿನಿಂದ ಹೊರಗೆ ಹೋಗಬೇಕು. ಇದೇ ಆ ಹುದ್ದೆಯ ಕೆಲಸ. ಈ ಲೇಖನದಲ್ಲಿ ಅವರ ಬದುಕಿನ ಆ ಭಾಗವನ್ನೇ ನಿಮ್ಮ ಮುಂದಿಡಲು ಬಯಸುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿ ಓದಿದ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚು ನಿಭಾಯಿಸಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ನಂತರ ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು.

ವಿದ್ಯಾರ್ಥಿವೇತನದ ನೆರವಿನಿಂದ ಓದುತ್ತಿರುವ ನಮ್ಮ ಮಕ್ಕಳು ಈ ಮಾತನ್ನು ಗಮನಿಸಬೇಕು. ಅಂದು ಒಬ್ಬ ಬಡ ಹುಡುಗನ ಓದಿಗೆ ಸಿಕ್ಕ ಆ ಸಣ್ಣ ಮೊತ್ತ ಮುಂದೆ ಲಕ್ಷಾಂತರ ಜನರ ಬಾಯಿಗೆ ನೀರಾಗಿ ತಲುಪಿತು.

ಸಕ್ಕರ್‌ನ ಕೆಸರು ನೀರು

1893ರ ಹೊತ್ತಿಗೆ ಅವರನ್ನು ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಕಳುಹಿಸಲಾಯಿತು. ಆಗ ಸಿಂಧ್ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಈಗ ಸಕ್ಕರ್ ಪಾಕಿಸ್ತಾನದಲ್ಲಿದೆ. ಸಿಂಧೂ ನದಿಯ ದಂಡೆಯ ಮೇಲೆಯೇ ಊರು. ನೀರಿಗೆ ಬರವಿಲ್ಲ, ಆದರೆ ನದಿಯ ನೀರು ಕೆಸರಿನಿಂದ ಕೂಡಿರುತ್ತಿತ್ತು. ಅದನ್ನು ಶುದ್ಧಗೊಳಿಸಲು ಮರಳಿನ ಶೋಧಕ ತೊಟ್ಟಿಗಳನ್ನು ಕಟ್ಟಬೇಕು. ಪುರಸಭೆಯ ಬಳಿ ಅಷ್ಟು ಹಣವಿರಲಿಲ್ಲ.

ಆಗ ವಿಶ್ವೇಶ್ವರಯ್ಯನವರು ಏನು ಮಾಡಿದರು ಗೊತ್ತೆ? ಕಾಸು ಕೊಟ್ಟು ಮರಳಿನ ತೊಟ್ಟಿ ಕಟ್ಟುವ ಬದಲು, ನದಿಯೇ ಹಾಸಿಕೊಂಡಿದ್ದ ಮರಳನ್ನು ಬಳಸಿಕೊಂಡರು. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಪದರಗಳ ಮೂಲಕ ನಿಧಾನವಾಗಿ ಇಳಿದು ಬಾವಿಗೆ ಒಸರುವಾಗ ಕೆಸರು ಮರಳಿನಲ್ಲೇ ಉಳಿಯುತ್ತದೆ, ತಿಳಿನೀರು ಒಳಗೆ ಬರುತ್ತದೆ. ಆ ನೀರನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿಂದ ಪೈಪುಗಳಲ್ಲಿ ಊರಿಗೆ ಇಳಿಸಿದರು. ಬೇಸಿಗೆಯಲ್ಲಿ ನಮ್ಮ ಹಳ್ಳಿಯ ಹೆಂಗಸರು ಬತ್ತಿದ ಹಳ್ಳದಲ್ಲಿ ಒರತೆ ತೋಡಿ ತಿಳಿನೀರು ತುಂಬಿಕೊಳ್ಳುವುದನ್ನು ನೀವು ನೋಡಿರಬಹುದು. ತತ್ವ ಅದೇ. ಅದನ್ನು ಒಂದು ಪಟ್ಟಣಕ್ಕೆ ಸಾಕಾಗುವಷ್ಟು ದೊಡ್ಡದಾಗಿ ಮಾಡಿದ್ದು ಇಂಜಿನಿಯರನ ಜಾಣ್ಮೆ. 1895ರಲ್ಲಿ ಕೆಲಸ ಪೂರ್ಣಗೊಂಡಿತು.

ನಂತರ ಸೂರತ್ ಮತ್ತು ಪುಣೆಯಲ್ಲಿ ಕೆಲಸ. ಪುಣೆಗೆ ನೀರು ಕೊಡುವ ಖಡಕವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಕೂರಿಸಿ, ಸುಮಾರು 8 ಅಡಿಯಷ್ಟು ಹೆಚ್ಚು ನೀರು ನಿಲ್ಲುವಂತೆ ಮಾಡಿದರು. ನೀರು ಮಿತಿ ಮೀರಿದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು, ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಪೇಟೆಂಟ್ ಪಡೆದರೂ, ಸರ್ಕಾರದ ಸಂಬಳದಲ್ಲಿದ್ದಾಗ ಮಾಡಿದ ಕೆಲಸವೆಂದು ಗೌರವಧನ ಪಡೆಯಲಿಲ್ಲ.

1906ರಲ್ಲಿ ಅವರನ್ನು ಅರಬ್ ದೇಶದ ಏಡನ್ ಬಂದರಿಗೆ ಕಳುಹಿಸಲಾಯಿತು. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ನೀರನ್ನು ಕಾಯಿಸಿ, ಭಟ್ಟಿ ಇಳಿಸಿ ಕುಡಿಯುತ್ತಿದ್ದರು. ಅವರು ಒಳನಾಡಿನ ಲಹೇಜ್ ಕಡೆಗೆ ಹೋಗಿ, ದೂರದ ಗುಡ್ಡಗಳಲ್ಲಿ ಬಿದ್ದ ಮಳೆ ಒಣ ಹೊಳೆಯ ಮರಳಿನಡಿ ಹರಿಯುವುದನ್ನು ಪರಿಶೀಲಿಸಿ, ಅಲ್ಲಿ ಬಾವಿ ತೋಡಿ ಪೈಪಿನಲ್ಲಿ ನೀರು ತರುವ ಯೋಜನೆ ಕೊಟ್ಟರು. ಊರಿನ ಕೊಳೆ ನೀರು ಸಾಗಿಸುವ ಬಗೆಗೂ ವರದಿ ನೀಡಿದರು.

ಮುಂಬಯಿ ಸೇವೆಯಲ್ಲಿ ಅವರಿಗಿಂತ ಹಿರಿಯರು ಅನೇಕರಿದ್ದುದರಿಂದ ಮುಖ್ಯ ಇಂಜಿನಿಯರ್ ಹುದ್ದೆ ಸಿಗುವ ಭರವಸೆ ಇರಲಿಲ್ಲ. 1908ರಲ್ಲಿ ಸೇವೆ ಬಿಟ್ಟು ಯುರೋಪ್ ಪ್ರವಾಸಕ್ಕೆ ಹೊರಟರು. ಅಲ್ಲಿದ್ದಾಗಲೇ ಹೈದರಾಬಾದಿನಿಂದ ಕರೆ ಬಂತು.

ಮೂಸಿ ನದಿಯ ತುಘಿಯಾನಿ

ಉರ್ದು ತರಗತಿಯಲ್ಲಿ ಅಮ್ಜದ್ ಹೈದರಾಬಾದಿಯವರ ರುಬಾಯಿಗಳನ್ನು ಓದಿದ ವಿದ್ಯಾರ್ಥಿಗಳಿಗೆ ಈ ಮಾತು ನೆನಪಿರಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿದಾಗ ಆ ಕವಿ ತಮ್ಮ ತಾಯಿ, ಪತ್ನಿ ಮತ್ತು ಮಗಳನ್ನು ಒಂದೇ ದಿನ ಕಳೆದುಕೊಂಡರು. ಅವರೊಬ್ಬರೇ ಬದುಕುಳಿದರು. ಹೈದರಾಬಾದಿನ ಜನ ಆ ಪ್ರವಾಹವನ್ನು ಇಂದಿಗೂ ತುಘಿಯಾನಿ ಎಂದೇ ಕರೆಯುತ್ತಾರೆ.

ಸುಮಾರು 15,000 ಜನ ಸತ್ತರು. 19,000 ಮನೆಗಳು ನೆಲಸಮವಾದವು. 80,000 ಜನ ನೆಲೆ ಕಳೆದುಕೊಂಡರು. ಅಫ್ಜಲ್ ಗಂಜ್, ಮುಸ್ಲಿಂ ಜಂಗ್, ಚಾದರಘಾಟ್ ಸೇತುವೆಗಳನ್ನು ನೀರು ಬಿಡಲಿಲ್ಲ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರವನ್ನು ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆಗಳೂ ಆಗ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಆದ್ದರಿಂದ ಈ ದುಃಖ ನಮಗೆ ಪರರದಲ್ಲ.

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಮೂರು ಕೆಲಸಗಳನ್ನು ಒಪ್ಪಿಸಿತು: ಊರನ್ನು ಮತ್ತೆ ಕಟ್ಟಲು ಸಲಹೆ ನೀಡುವುದು, ಇಂಥ ಪ್ರವಾಹ ಮರುಕಳಿಸದಂತೆ ಯೋಜನೆ ರೂಪಿಸುವುದು, ಇಡೀ ಊರಿಗೆ ಒಳಚರಂಡಿಯ ನಕ್ಷೆ ತಯಾರಿಸುವುದು. 1909ರ ಏಪ್ರಿಲ್‌ನಲ್ಲಿ ಅವರು ಕೆಲಸ ಆರಂಭಿಸಿದರು.

ಇಲ್ಲಿ ಅವರ ವಿಧಾನವನ್ನು ಗಮನಿಸಿ. ನದಿಗೆ ಎತ್ತರದ ಗೋಡೆ ಕಟ್ಟಿಬಿಡಿ ಎಂದು ಮೊದಲ ದಿನವೇ ಹೇಳಬಹುದಿತ್ತು. ಅವರು ಮೊದಲು ಲೆಕ್ಕ ಹಾಕಿದರು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು? ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ. ನದಿಯಲ್ಲಿ ಎಷ್ಟು ನೀರು ಹರಿಯಿತು? ಉಕ್ಕಿನ ತುದಿಯಲ್ಲಿ ಸೆಕೆಂಡಿಗೆ ಸುಮಾರು 4,25,000 ಘನ ಅಡಿ. ಊರಿನ ಮೇಲ್ಭಾಗದ ಸುಮಾರು 860 ಚದರ ಮೈಲಿ ಪ್ರದೇಶದಲ್ಲಿ ಎಷ್ಟು ಕೆರೆಗಳಿವೆ? 788. ಅವುಗಳಲ್ಲಿ ಒಡೆದದ್ದೆಷ್ಟು? 221.

ಈ ಕೊನೆಯ ಸಂಖ್ಯೆಯೇ ಕಣ್ಣು ತೆರೆಸುವಂಥದ್ದು. ಮಳೆ ಅತಿಯಾದದ್ದು ನಿಜ. ಆದರೆ ಮೇಲಿನ ಕೆರೆಯ ಏರಿ ಒಡೆದರೆ ಆ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಗೆ ನುಗ್ಗುತ್ತದೆ; ಅದೂ ಒಡೆಯುತ್ತದೆ. ಹೀಗೆ ಒಂದರ ಮೇಲೊಂದು ಕೆರೆ ಒಡೆದು ಊರಿನ ಮೇಲೆ ಬಂದಾಗ ಯಾವ ಗೋಡೆ ತಡೆದೀತು? ಊರನ್ನು ಕಾಯಬೇಕಾದರೆ ಊರಿನಲ್ಲಲ್ಲ, ಊರಿನ ಮೇಲ್ಭಾಗದಲ್ಲಿ ಕಾಯಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು. ಮೂಸಿ ನದಿಗೂ ಅದರ ಉಪನದಿ ಈಸಿಗೂ ಒಂದೊಂದು ದೊಡ್ಡ ಜಲಾಶಯ ಕಟ್ಟಬೇಕು. ನೆರೆ ಬಂದಾಗ ನೀರನ್ನು ಅಲ್ಲಿ ತಡೆದಿಟ್ಟುಕೊಂಡು, ನದಿ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡಬೇಕು ಎಂದರು. ಅವರ ಈ ಸಲಹೆಯಿಂದಲೇ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಯಲೆಂದು ಯೋಚಿಸಿದ ಆ ಜಲಾಶಯಗಳೇ ಹೈದರಾಬಾದಿನ ಹಲವು ತಲೆಮಾರುಗಳಿಗೆ ಕುಡಿಯುವ ನೀರು ಕೊಟ್ಟವು.

ಒಳಚರಂಡಿ ಎಂಬ ವಿದ್ಯೆ

ಮೂರನೆಯ ಕೆಲಸ ಒಳಚರಂಡಿಯದು. ಮನೆಮನೆಯ ಕೊಳೆ ತೆರೆದ ಚರಂಡಿಯಲ್ಲಿ ಹರಿದು ಮೂಸಿ ನದಿಗೇ ಸೇರುತ್ತಿದ್ದ ಕಾಲವದು. ನದಿ ಸೇರುವ ಮೊದಲೇ ಆ ಕೊಳೆಯನ್ನು ನೆಲದಡಿಯ ಕೊಳವೆಗಳಲ್ಲಿ ಹಿಡಿದು, ಊರಿನಾಚೆ ಸಾಗಿಸಿ, ಹೊಲಗಳಿಗೆ ಹಾಯಿಸುವ ಯೋಜನೆಯನ್ನು ಅವರು ಸಿದ್ಧಪಡಿಸಿದರು.

ಚರಂಡಿಯಲ್ಲಿ ಅಂಥ ವಿದ್ಯೆ ಏನಿದೆ ಎಂದು ನೀವು ಕೇಳಬಹುದು. ಕುಡಿಯುವ ನೀರನ್ನು ಪಂಪಿನ ಒತ್ತಡದಿಂದ ಎತ್ತರಕ್ಕೂ ಏರಿಸಬಹುದು. ಕೊಳೆ ನೀರು ಸಾಮಾನ್ಯವಾಗಿ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಹರಿಯಬೇಕು. ಇಳಿಜಾರು ಸಾಲದಿದ್ದರೆ ಹೂಳು ತಳದಲ್ಲಿ ಕೂತು ಕೊಳವೆ ಕಟ್ಟುತ್ತದೆ; ವಿಪರೀತವಾದರೆ ರಭಸಕ್ಕೆ ಕೊಳವೆ ಸವೆಯುತ್ತದೆ. ಸೆಕೆಂಡಿಗೆ ಎರಡು ಅಡಿಗಿಂತ ಕಡಿಮೆಯಿಲ್ಲದ ವೇಗವಿದ್ದರೆ ಹರಿಯುವ ನೀರೇ ಕೊಳವೆಯನ್ನು ತೊಳೆದುಕೊಳ್ಳುತ್ತದೆ. ಆದ್ದರಿಂದ ಊರಿನ ಪ್ರತಿ ಬೀದಿಯ ಏರಿಳಿತವನ್ನು ಅಳೆಯದೆ, ಮುಂದೆ ಎಷ್ಟು ಜನ ಬಂದು ನೆಲೆಸುತ್ತಾರೆಂದು ಅಂದಾಜಿಸದೆ ಒಂದು ಗಜ ಕೊಳವೆಯನ್ನೂ ಹಾಕುವಂತಿಲ್ಲ. ಅಷ್ಟೆಲ್ಲ ಮಾಡಿದರೂ ಆ ಕೆಲಸ ಮಣ್ಣಿನಡಿ ಮುಚ್ಚಿಹೋಗುತ್ತದೆ. ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಆದರೆ ಕಾಲರಾ, ಟೈಫಾಯ್ಡ್‌ನಿಂದ ಎಷ್ಟು ಮಕ್ಕಳು ಪಾರಾದರೆಂಬುದು ಅದರ ಮೇಲೆ ನಿಂತಿರುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸದ ಆರಂಭ, 1912ರಿಂದ 1918ರವರೆಗೆ ದಿವಾನಗಿರಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆ ಇವೆಲ್ಲ ನಿಮಗೆ ತಿಳಿದ ವಿಷಯಗಳೇ. ಆದರೆ ದಿವಾನ ಪದವಿ ಏರಿ ಇಳಿದ ಮೇಲೂ, 1920ರ ದಶಕದಲ್ಲಿ ಹೈದರಾಬಾದಿನವರು ಒಳಚರಂಡಿ ಕೆಲಸಕ್ಕೆ ಸಲಹೆ ಬೇಕೆಂದು ಕರೆದಾಗ ಅವರು ಮತ್ತೆ ಹೋದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರಿಗೆ ಚರಂಡಿಯ ನಕ್ಷೆ ನೋಡುವುದು ಸಣ್ಣ ಕೆಲಸವೆನಿಸಲಿಲ್ಲ. 1955ರಲ್ಲಿ ಭಾರತರತ್ನ ಅವರಿಗೆ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಅವರ ಜನ್ಮದಿನವನ್ನು ದೇಶ ಇಂಜಿನಿಯರುಗಳ ದಿನವಾಗಿ ಆಚರಿಸುತ್ತದೆ.

ನಮಗೇನು ಪಾಠ?

2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಭಾರೀ ಮಳೆ ಸುರಿದಾಗ ಮತ್ತೆ ಕೆರೆಗಳ ಏರಿ ಒಡೆದು ಹಳೆಯ ಊರಿನ ಬಡಾವಣೆಗಳು ಮುಳುಗಿದವು. ಅನೇಕರು ಪ್ರಾಣ ಕಳೆದುಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳು ಓಡಾಡಿದವು. ಕೆರೆಯ ಅಂಗಳದಲ್ಲಿ ಮನೆ, ರಾಜಕಾಲುವೆಯ ಮೇಲೆ ಕಟ್ಟಡ. ಒಬ್ಬ ಇಂಜಿನಿಯರ್ ನೂರು ವರ್ಷಗಳ ಹಿಂದೆ ಒಂದೊಂದಾಗಿ ಎಣಿಸಿ ಹೇಳಿದ್ದನ್ನು ನಾವು ಮರೆತೆವು. ಕಟ್ಟಿಕೊಟ್ಟವರ ಕೆಲಸ ಮುಗಿಯುತ್ತದೆ, ಕಾಯುವವರ ಕೆಲಸ ಮುಗಿಯುವುದಿಲ್ಲ.

ಮುಂದೆ ಏನಾಗುತ್ತೀರಿ ಎಂದು ತರಗತಿಯಲ್ಲಿ ಕೇಳಿದರೆ ಡಾಕ್ಟರ್, ಸಾಫ್ಟ್‌ವೇರ್ ಇಂಜಿನಿಯರ್ ಎಂಬ ಉತ್ತರ ಬರುತ್ತದೆ. ಆಗಲಿ, ಸಂತೋಷ. ಒಂದು ಸಲ ಒಬ್ಬ ಹುಡುಗ ಎದ್ದು, ತನ್ನ ಅಬ್ಬಾ ನಗರದ ನೀರಿನ ಟ್ಯಾಂಕಿನಲ್ಲಿ ವಾಲ್ವ್ ತಿರುಗಿಸುವ ಕೆಲಸ ಮಾಡುತ್ತಾರೆಂದು ತಗ್ಗಿದ ದನಿಯಲ್ಲಿ ಹೇಳಿದ. ಕೆಲವರು ನಕ್ಕರು. ಅಂದು ನಾನು ಪಾಠ ನಿಲ್ಲಿಸಿ ಸಕ್ಕರ್‌ನ ಬಾವಿಯ ಕಥೆ ಹೇಳಿದೆ. ಈ ಲೇಖನ ಹುಟ್ಟಿದ್ದು ಆ ದಿನವೇ.

ಪ್ರಿಯ ವಿದ್ಯಾರ್ಥಿಗಳೇ, ಸಿವಿಲ್ ಡಿಪ್ಲೊಮಾ ಮಾಡಿ, ಪದವಿ ಮಾಡಿ, ನೀರು ಸರಬರಾಜು ಮತ್ತು ಒಳಚರಂಡಿಯ ಕ್ಷೇತ್ರಕ್ಕೂ ಬನ್ನಿ. ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ಇಂದಿಗೂ ನಲ್ಲಿಯ ಪೈಪು ತೆರೆದ ಚರಂಡಿಯನ್ನು ದಾಟಿಕೊಂಡೇ ಮನೆಗೆ ಬರುತ್ತದೆ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಿ ಸ್ವಚ್ಛಗೊಳಿಸಬಾರದೆಂದು 2013ರ ಕಾನೂನು ಹೇಳುತ್ತದೆ. ಆದರೂ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಇವನ್ನು ಸರಿಪಡಿಸಲು ಓದಿದವರು ಬೇಕು, ಲೆಕ್ಕ ಬಲ್ಲವರು ಬೇಕು, ಆ ಕೆಲಸವನ್ನು ಕೀಳೆಂದು ಭಾವಿಸದವರು ಬೇಕು. ಅಲ್ಲಿಯವರೆಗೆ ನಿಮ್ಮ ಕೈಲಾದ ಒಂದು ಕೆಲಸವಿದೆ. ನಿಮ್ಮ ಊರಿನ ಕೆರೆ ಎಲ್ಲಿದೆ, ಅದರ ಕೋಡಿಯ ನೀರು ಯಾವ ದಾರಿಯಲ್ಲಿ ಹರಿಯುತ್ತದೆ, ನಿಮ್ಮ ಮನೆಯ ಕೊಳೆ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ, ನಡೆದು ನೋಡಿ, ಒಂದು ಹಾಳೆಯಲ್ಲಿ ನಕ್ಷೆ ಬರೆದಿಡಿ. ವಿಶ್ವೇಶ್ವರಯ್ಯನವರೂ ಹೈದರಾಬಾದಿನಲ್ಲಿ ಶುರು ಮಾಡಿದ್ದು ಅಲ್ಲಿಂದಲೇ.