ಹೆಕುಬಳಾದ ಮಾರ್ತಾ ಗ್ರಹಾಂ

ಕವಿಗೆ ಎಪ್ಪತ್ತರಲ್ಲಿಯೂ ಲೇಖನಿ ಒದಗೀತು. ನರ್ತಿಸುವವರಿಗೆ ನಲವತ್ತರಲ್ಲಿಯೇ ಮೊಣಕಾಲು ಮುನಿಯುತ್ತದೆ. ಅಮೆರಿಕದ ಮಾರ್ತಾ ಗ್ರಹಾಂ ಈ ನಿಯಮಕ್ಕೆ ತಲೆಬಾಗಲೊಲ್ಲದವಳು.

1894ರಲ್ಲಿ ಪೆನ್ಸಿಲ್ವೇನಿಯದಲ್ಲಿ ಜನಿಸಿದ ಆಕೆ ಡೆನಿಷಾನ್ ನೃತ್ಯಶಾಲೆಯನ್ನು ಸೇರಿದುದು 1916ರಲ್ಲಿ, ತಡವೆನ್ನಬೇಕಾದ ವಯಸ್ಸು. 1926ರಲ್ಲಿ ಸ್ವಂತ ತಂಡ ಕಟ್ಟಿದಳು. ಬ್ಯಾಲೆಯ ನರ್ತಕಿ ನೆಲವನ್ನು ಮರೆತು ಮೇಲಕ್ಕೆ ಚಿಮ್ಮಲು ಹವಣಿಸಿದರೆ, ಈಕೆ ಉಸಿರಿನೊಡನೆ ಒಡಲನ್ನು ಕುಗ್ಗಿಸಿ ಹಿಗ್ಗಿಸುವ, ನೆಲಕ್ಕೆ ಬೀಳಲು ನಾಚದ ಶೈಲಿಯೊಂದನ್ನು ರೂಪಿಸಿದಳು. 1955-56ರ ಏಷ್ಯಾ ಪ್ರವಾಸದಲ್ಲಿ ಆ ತಂಡ ನಮ್ಮ ದೇಶಕ್ಕೂ ಬಂದಿತ್ತು. ಆಗಲೇ ಆಕೆಗೆ ಅರುವತ್ತು ಮೀರಿತ್ತು.

1967ರಲ್ಲಿ, 72ರ ವಯಸ್ಸಿನಲ್ಲಿ, ‘ಕಾರ್ಟೆಜ್ ಆಫ್ ಈಗಲ್ಸ್’ ಎಂಬ ಕೃತಿಯಲ್ಲಿ ಟ್ರಾಯ್ ನಗರದ ವೃದ್ಧ ರಾಣಿ ಹೆಕುಬಳಾದಳು. ಗಂಡ, ಮಕ್ಕಳು, ನಗರ ಎಲ್ಲವನ್ನೂ ಕಳೆದುಕೊಂಡ ಮುದುಕಿ. ನಮ್ಮ ಗಾಂಧಾರಿಯನ್ನು ನೆನೆಯದಿರಲಾಗದು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದುವು, ಹಿಂದಿನ ನೆಗೆತವಿರಲಿಲ್ಲ. ಇನ್ನು ಸಾಕೆಂದವರು ಹಲವರು. ಅವರದು ತಪ್ಪೆನ್ನಲಾರೆ, ಆದರೂ ಆ ಪಾತ್ರಕ್ಕೆ ಎಳೆಯ ಮೈ ಒಪ್ಪುತ್ತಿರಲಿಲ್ಲವೆಂದೇ ನನ್ನ ಎಣಿಕೆ.

1970ರ ಸುಮಾರಿಗೆ ರಂಗವನ್ನು ಬಿಟ್ಟಾಗ ಬದುಕೇ ಬರಿದಾಯಿತು. ತನ್ನ ಪಾತ್ರಗಳನ್ನು ಎಳೆಯರು ಕುಣಿಯುವುದನ್ನು ನೋಡುವುದು ಆಕೆಗೆ ಅಸಹನೀಯವಾಗಿತ್ತು. ಕುಡಿತಕ್ಕೆ ಶರಣಾದಳು, ಆಸ್ಪತ್ರೆ ಸೇರಿದಳು. ಅಲ್ಲಿಂದ ಎದ್ದು ಬಂದು 1973ರಲ್ಲಿ ತಂಡವನ್ನು ಮತ್ತೆ ನಡೆಸತೊಡಗಿದಳು. ತನ್ನ ಮೈ ಒಲ್ಲೆನೆಂದುದನ್ನು ಇತರರ ಮೈಗಳಲ್ಲಿ ರಚಿಸಿದಳು. 1990ರಲ್ಲಿ, 96 ತುಂಬಿದ ಮೇಲೆ, ‘ಮೇಪಲ್ ಲೀಫ್ ರ‍್ಯಾಗ್’ ಎಂಬ ನಗೆಯ ನೃತ್ಯವೊಂದನ್ನು ಕೊಟ್ಟಳು. ತನ್ನ ಹಳೆಯ ಗಾಂಭೀರ್ಯವನ್ನೇ ಅದರಲ್ಲಿ ಲೇವಡಿ ಮಾಡಿಕೊಂಡಿದ್ದಳು. ಮರುವರ್ಷ ಏಪ್ರಿಲ್ 1ರಂದು ತೀರಿಕೊಂಡಳು.