ಅಕ್ಕ ಮೊದಲು, ತಂಗಿ ಬಳಿಕ
ಮೇಡಂ ಕ್ಯೂರಿ ಕಾಲೇಜು ಸೇರಿದ ಕಥೆ

ರೇಡಿಯಂ ಧಾತುವನ್ನು ಕಂಡುಹಿಡಿದ ಮೇಡಂ ಕ್ಯೂರಿಯ ಹೆಸರನ್ನು ಕೇಳದ ಹೈಸ್ಕೂಲು ವಿದ್ಯಾರ್ಥಿ ಇರಲಾರ. ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಮಹಿಳೆ ಎಂದು ಪಾಠಪುಸ್ತಕಗಳು ಹೇಳುತ್ತವೆ. ಆದರೆ ಹದಿನೈದರ ಪ್ರಾಯದಲ್ಲೇ ಹೈಸ್ಕೂಲಿನಲ್ಲಿ ಚಿನ್ನದ ಪದಕ ಗಳಿಸಿದ ಆಕೆ ಕಾಲೇಜಿನ ಮೆಟ್ಟಲು ಹತ್ತಿದ್ದು 24 ತುಂಬುವ ಹೊತ್ತಿಗೆ, ಅದೂ ಪರದೇಶದಲ್ಲಿ, ಪರಭಾಷೆಯಲ್ಲಿ. ನಡುವಿನ ಎಂಟು ವರ್ಷ ಆಕೆ ಏನು ಮಾಡುತ್ತಿದ್ದಳು ಎಂಬುದನ್ನು ಮಕ್ಕಳನ್ನು ಓದಿಸುವ ಚಿಂತೆಯುಳ್ಳ ಪ್ರತಿಯೊಂದು ಮನೆಯವರೂ ತಿಳಿಯಬೇಕು.

ಆಕೆಯ ಹುಟ್ಟುಹೆಸರು ಮರಿಯಾ ಸ್ಕ್ಲೊಡೋವ್ಸ್ಕಾ. 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಐದು ಮಕ್ಕಳಲ್ಲಿ ಕೊನೆಯವಳಾಗಿ ಜನಿಸಿದಳು. ಆಗ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದುವು. ವಾರ್ಸಾ ರಷ್ಯದ ಝಾರನ ವಶದಲ್ಲಿತ್ತು. 1863ರ ದಂಗೆ ವಿಫಲವಾದ ಮೇಲೆ ಸರಕಾರದ ಕಣ್ಣು ಶಾಲೆಗಳ ಮೇಲೆ ಬಿತ್ತು. ಪಾಠವೆಲ್ಲ ರಷ್ಯನ್ ಭಾಷೆಯಲ್ಲೇ ನಡೆಯಬೇಕೆಂದಾಯಿತು. ಮರಿಯಾ ಓದುತ್ತಿದ್ದ ಖಾಸಗಿ ಶಾಲೆಯಲ್ಲಿ ಮಾತ್ರ ಉಪಾಧ್ಯಾಯಿನಿಯರು ಗುಟ್ಟಾಗಿ ಪೋಲಿಷ್ ಭಾಷೆಯಲ್ಲೇ ಪೋಲೆಂಡಿನ ಚರಿತ್ರೆ ಹೇಳಿಕೊಡುತ್ತಿದ್ದರು. ಇನ್‌ಸ್ಪೆಕ್ಟರ್ ಬಂದ ಸೂಚನೆ ಸಿಕ್ಕಿದೊಡನೆ ಆ ಪುಸ್ತಕಗಳು ಮಾಯವಾಗುತ್ತಿದ್ದುವು. ರಷ್ಯನ್ ಚೆನ್ನಾಗಿ ಬರುತ್ತಿದ್ದುದರಿಂದ ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರ ಕೊಡುವ ಸರದಿ ಹೆಚ್ಚಾಗಿ ಪುಟ್ಟ ಮರಿಯಾಳದೇ. ಅವನು ತೃಪ್ತನಾಗಿ ಹೊರಟುಹೋದ ಬಳಿಕ ಅವಳು ಅಳುತ್ತಿದ್ದಳು.

ತಂದೆ ವ್ಲಾದಿಸ್ಲಾವ್ ಗಣಿತ ಹಾಗೂ ಭೌತಶಾಸ್ತ್ರದ ಉಪಾಧ್ಯಾಯರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥೆಯಾಗಿದ್ದವರು. ಖರ್ಚು ಉಳಿಸಲು ಚಮ್ಮಾರರ ಉಪಕರಣ ತರಿಸಿಕೊಂಡು ಮಕ್ಕಳ ಜೋಡುಗಳನ್ನು ತಾನೇ ಹೊಲಿಯುತ್ತಿದ್ದ ಗೃಹಿಣಿ. ಆ ತಾಯಿಗೆ ಕ್ಷಯ ತಗಲಿತು. ರೋಗ ಮಕ್ಕಳಿಗೆ ಅಂಟಬಾರದೆಂದು ಆಕೆ ತನ್ನ ತಟ್ಟೆ ಲೋಟಗಳನ್ನು ಬೇರೆಯಾಗಿಟ್ಟಳು. ಮಕ್ಕಳಿಗೆ ಮುತ್ತಿಡುವುದನ್ನೇ ಬಿಟ್ಟು ಹಣೆ ನೇವರಿಸಿ ಸುಮ್ಮನಾಗುತ್ತಿದ್ದಳು. 1873ರಲ್ಲಿ ತಂದೆ ಮೇಲಧಿಕಾರಿಯ ಅವಕೃಪೆಗೆ ಗುರಿಯಾದರು. ಸಂಬಳ ಇಳಿಯಿತು, ಹುದ್ದೆಯೊಡನೆ ಬಂದ ಮನೆಯೂ ಹೋಯಿತು. ಕೂಡಿಟ್ಟ ಹಣವನ್ನು ನೆಂಟನೊಬ್ಬನ ಉದ್ಯಮದಲ್ಲಿ ತೊಡಗಿಸಿದ್ದರು, ಅದೂ ಮುಳುಗಿತು. ಕೊನೆಗೆ ಮನೆಯಲ್ಲೇ ವಿದ್ಯಾರ್ಥಿಗಳಿಗೆ ಊಟ ವಸತಿ ಕೊಟ್ಟು ಜೀವನ ಸಾಗಿಸಬೇಕಾಯಿತು. ಆ ವಿದ್ಯಾರ್ಥಿಗಳಲ್ಲೊಬ್ಬನಿಂದ ಟೈಫಸ್ ಜ್ವರ ಅಂಟಿ ಹಿರಿಯ ಮಗಳು ಜೋಫಿಯಾ ತೀರಿಕೊಂಡಳು. 1878ರಲ್ಲಿ ತಾಯಿಯೂ ಹೋದಳು. ಮರಿಯಾಳಿಗೆ ಆಗ ಹತ್ತು ವರ್ಷ. ಅವಳು ರಾತ್ರಿ ಊಟದ ಕೋಣೆಯಲ್ಲಿ ಮಲಗಿ, ಬಾಡಿಗೆ ವಿದ್ಯಾರ್ಥಿಗಳ ಉಪಾಹಾರಕ್ಕೆ ಮೇಜು ತೆರವಾಗಲೆಂದು ಬೆಳಿಗ್ಗೆ ಆರಕ್ಕೇ ಎದ್ದು ಬಿಡಬೇಕಿತ್ತು.

1883ರಲ್ಲಿ ಶಾಲೆ ಮುಗಿಯಿತು, ಚಿನ್ನದ ಪದಕ ಬಂತು. ಮುಂದೆ? ವಾರ್ಸಾ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಣ್ಣ ಜೋಸೆಫ್ ಅಲ್ಲೇ ವೈದ್ಯ ವಿದ್ಯೆ ಕಲಿತ. ಅಕ್ಕ ಬ್ರೋನ್ಯಾಳಿಗೂ ವೈದ್ಯೆಯಾಗುವ ಆಸೆ. ಅದಕ್ಕೆ ಪ್ಯಾರಿಸಿಗೆ ಹೋಗಬೇಕು, ಹೋಗಲು ಹಣವಿಲ್ಲ. ಅಕ್ಕತಂಗಿಯರು ಮನೆಪಾಠ ಹೇಳಿ ಸಂಪಾದಿಸಿದ ಚಿಲ್ಲರೆಯಿಂದ ಇಬ್ಬರೂ ಹೋಗುವುದಂತೂ ಕನಸಿನ ಮಾತು. ಆಗ ಮರಿಯಾ ಒಂದು ಲೆಕ್ಕ ಹಾಕಿದಳು. ಇಬ್ಬರೂ ಒಮ್ಮೆಲೇ ಓದಲು ಹೊರಟರೆ ಇಬ್ಬರಿಗೂ ಸಾಧ್ಯವಾಗದು. ಒಬ್ಬಳು ದುಡಿದು ಇನ್ನೊಬ್ಬಳನ್ನು ಓದಿಸಿದರೆ, ಓದಿ ಮುಗಿಸಿದವಳು ಬಳಿಕ ಮೊದಲನೆಯವಳ ಕೈ ಹಿಡಿಯಬಹುದು. ಅಕ್ಕ ಪ್ರಾಯದಲ್ಲಿ ಹಿರಿಯಳಾದುದರಿಂದ ಸರದಿ ಅವಳದೇ ಮೊದಲು. 1885ರಲ್ಲಿ ಬ್ರೋನ್ಯಾ ಪ್ಯಾರಿಸಿಗೆ ಹೊರಟಳು.

1886ರ ಜನವರಿಯಲ್ಲಿ ಮರಿಯಾ ವಾರ್ಸಾದಿಂದ ಸುಮಾರು 100 ಕಿಲೋಮೀಟರ್ ಉತ್ತರದ ಶ್ಚುಕಿ ಎಂಬ ಹಳ್ಳಿಗೆ, ಜೊರಾವ್ಸ್ಕಿ ಎಂಬ ಕುಟುಂಬದ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ವರ್ಷಕ್ಕೆ 500 ರೂಬಲ್ ಸಂಬಳ. ಅದರ ಒಂದು ಪಾಲು ಪ್ಯಾರಿಸಿನ ಅಕ್ಕನಿಗೆ. ಸುತ್ತಲೂ ಸಕ್ಕರೆ ಬೀಟಿನ ಗದ್ದೆಗಳು, ಸಕ್ಕರೆ ಕಾರ್ಖಾನೆ. ಅಲ್ಲಿನ ರೈತರ, ಕೂಲಿಗಳ ಮಕ್ಕಳಿಗೆ ತಮ್ಮ ಸ್ವಂತ ಭಾಷೆಯಲ್ಲಿ ಅಕ್ಷರವೇ ಬಾರದು. ಮರಿಯಾ ಮನೆಯ ಹಿರಿಯ ಮಗಳನ್ನು ಜೊತೆಗಿಟ್ಟುಕೊಂಡು ತನ್ನ ಕೋಣೆಯಲ್ಲೇ ಅವರಿಗೆ ಪೋಲಿಷ್ ಓದು ಬರಹ ಕಲಿಸತೊಡಗಿದಳು. ಸರಕಾರಕ್ಕೆ ತಿಳಿದರೆ ಸೈಬೀರಿಯಕ್ಕೆ ಗಡೀಪಾರಾಗುವ ಭಯವಿತ್ತು. ರಾತ್ರಿ ಅವಳದೇ ಓದು. ಗಣಿತದಲ್ಲಿ ಸಂಶಯ ಬಂದರೆ ತಂದೆಗೆ ಕಾಗದ ಬರೆಯುತ್ತಿದ್ದಳು. ಮುದಿ ಉಪಾಧ್ಯಾಯರು ಅಂಚೆಯ ಮೂಲಕವೇ ಮಗಳ ಲೆಕ್ಕ ತಿದ್ದುತ್ತಿದ್ದರು.

ಅಷ್ಟರಲ್ಲಿ ಆ ಮನೆಯ ಹಿರಿಯ ಮಗ, ವಾರ್ಸಾದಲ್ಲಿ ಗಣಿತ ಓದುತ್ತಿದ್ದ ಕಾಸಿಮೀರ್, ಅವಳನ್ನು ಮೆಚ್ಚಿದ. ಮದುವೆಯ ಮಾತು ಬಂದಾಗ ಮನೆಯವರು ಉರಿದೆದ್ದರು. ಸಂಬಳಕ್ಕೆ ಪಾಠ ಹೇಳುವ ಬಡ ಹುಡುಗಿಯನ್ನು ಸೊಸೆಯಾಗಿ ತರುವುದೆಂದರೇನು? ಹುಡುಗ ಹಿಂಜರಿದ. ಅವಮಾನವಾದ ಮನೆಯನ್ನು ಮರಿಯಾ ಅಂದೇ ಬಿಟ್ಟು ಹೊರಡಬಹುದಿತ್ತು. ಹೊರಟರೆ ಪ್ಯಾರಿಸಿನಲ್ಲಿ ಅಕ್ಕನ ಓದು ನಿಲ್ಲುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡು 1889ರ ವರೆಗೆ ಅದೇ ಮನೆಯಲ್ಲಿ ಪಾಠ ಹೇಳಿದಳು. ಮುಂದೆ ನೊಬೆಲ್ ಪಡೆದವಳ ಮನೋಬಲಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇತ್ತ ನಿವೃತ್ತರಾದ ತಂದೆ 1888ರಲ್ಲಿ ಬಾಲಾಪರಾಧಿಗಳ ಶಾಲೆಯೊಂದರ ಮೇಲ್ವಿಚಾರಣೆಯನ್ನು ಒಪ್ಪಿಕೊಂಡರು. ಹಿತವಲ್ಲದ ಕೆಲಸ, ಆದರೆ ಸಂಬಳ ಚೆನ್ನಾಗಿತ್ತು. ಬ್ರೋನ್ಯಾಳಿಗೆ ಅವರೇ ಹಣ ಕಳುಹಿಸತೊಡಗಿದರು. ಅವಳು ಅದರಲ್ಲೊಂದು ಪಾಲನ್ನು ತಂಗಿಯ ಋಣ ತೀರಿಸಲೆಂದು ಅಲ್ಲೇ ತೆಗೆದಿಡಲು ತಿಳಿಸಿದಳು. 1890ರಲ್ಲಿ ಅಕ್ಕನ ಕರೆ ಬಂದಾಗ ಹಿಂಜರಿದವಳು ಮರಿಯಾಳೇ. ವೃದ್ಧ ತಂದೆಯನ್ನು ಬಿಟ್ಟು ಹೋಗುವುದೆಂತು? ಒಂದು ವರ್ಷ ವಾರ್ಸಾದಲ್ಲೇ ಉಳಿದಳು. ಅಲ್ಲಿ ಬಂಧುವೊಬ್ಬರು ನಡೆಸುತ್ತಿದ್ದ ಚಿಕ್ಕ ಪ್ರಯೋಗಶಾಲೆಯಲ್ಲಿ ಸಂಜೆ ಹೊತ್ತು ಮತ್ತು ಆದಿತ್ಯವಾರ ಕೈಯಾರೆ ಪ್ರಯೋಗ ಮಾಡಿ ನೋಡಿದ ಮೇಲೆ ಮನಸ್ಸು ಗಟ್ಟಿಯಾಯಿತು.

1891ರ ಶರತ್ಕಾಲದಲ್ಲಿ ಹೊದಿಕೆ, ದಾರಿಯ ಬುತ್ತಿಯೊಡನೆ ರೈಲು ಹತ್ತಿದಳು. ಜರ್ಮನಿಯ ಭಾಗದಲ್ಲಿ ಅಗ್ಗದ ನಾಲ್ಕನೆಯ ದರ್ಜೆಯ ಡಬ್ಬಿ. ಕುಳಿತುಕೊಳ್ಳಲು ಮಡಚುವ ಕುರ್ಚಿಯನ್ನು ಮನೆಯಿಂದಲೇ ಕೊಂಡುಹೋಗಿದ್ದಳು. ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸುವಾಗ ಮರಿಯಾ ಫ್ರೆಂಚರ ರೀತಿಯಲ್ಲಿ ಮಾರಿ ಆದಳು. ಅಲ್ಲಿನ ವಿಜ್ಞಾನ ವಿಭಾಗದ ಸುಮಾರು 1800 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 23 ಮಂದಿ ಮಾತ್ರ. ತನಗೆ ಬರುತ್ತದೆಂದುಕೊಂಡಿದ್ದ ಫ್ರೆಂಚ್ ತರಗತಿಯಲ್ಲಿ ಸಾಲದಾಯಿತು. ಕದ್ದು ಕಲಿತ ಗಣಿತವೂ ಸಾಲದಾಯಿತು. ಎರಡನ್ನೂ ಮೊದಲಿನಿಂದ ಕಟ್ಟಬೇಕಾಯಿತು.

ಮೊದಲು ಅಕ್ಕಭಾವನ ಮನೆಯಲ್ಲಿದ್ದು, ಬಸ್ಸಿನ ಖರ್ಚು ಮತ್ತು ಹೊತ್ತು ಉಳಿಸಲು ಕಾಲೇಜಿನ ಸಮೀಪ ಆರನೆಯ ಮಾಳಿಗೆಯ ಅಟ್ಟದ ಕೋಣೆ ಹಿಡಿದಳು. ದಿನಕ್ಕೆ ಮೂರು ಫ್ರಾಂಕಿನಲ್ಲಿ ಬಾಡಿಗೆ, ಊಟ, ಪುಸ್ತಕ, ಕಲ್ಲಿದ್ದಲು ಎಲ್ಲ ಸಾಗಬೇಕು. ಸಂಜೆ ಹತ್ತರ ವರೆಗೆ ಬೆಳಕೂ ಬೆಚ್ಚಗೂ ಇದ್ದ ಪುಸ್ತಕಾಲಯದಲ್ಲಿ ಓದು. ಚಳಿಗಾಲದ ರಾತ್ರಿ ಪಾತ್ರೆಯ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದಬದ್ದ ಬಟ್ಟೆಯನ್ನೆಲ್ಲ ಹೊದಿಕೆಯ ಮೇಲೆ ಹೇರಿ ಮಲಗುತ್ತಿದ್ದಳು. ಬ್ರೆಡ್ಡು ಚಹಾದಲ್ಲೇ ದಿನ ಕಳೆದು ಒಮ್ಮೆ ಮೂರ್ಛೆ ಹೋದಾಗ ಭಾವ ಬಂದು ಮನೆಗೆ ಕರೆದೊಯ್ದು ಉಣ್ಣಿಸಬೇಕಾಯಿತು.

1893ರಲ್ಲಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಮಾರಿ ಪ್ರಥಮಳಾದಳು. ಅಷ್ಟಕ್ಕೆ ಹಣ ಮುಗಿದಿತ್ತು. ಗೆಳತಿಯೊಬ್ಬಳ ಪ್ರಯತ್ನದಿಂದ ಪೋಲೆಂಡಿನ ವಿದ್ಯಾರ್ಥಿಗಳಿಗೆಂದಿದ್ದ 600 ರೂಬಲಿನ ವಿದ್ಯಾರ್ಥಿವೇತನ ಸಿಕ್ಕಿತು. 1894ರಲ್ಲಿ ಗಣಿತದಲ್ಲಿ ದ್ವಿತೀಯ ಸ್ಥಾನ. ಮುಂದೆ ಕೈಗೆ ಸಂಪಾದನೆ ಬಂದೊಡನೆ ಆ 600 ರೂಬಲನ್ನು ಪೂರ್ತಿ ಹಿಂತಿರುಗಿಸಿದಳು. ವಿದ್ಯಾರ್ಥಿವೇತನ ಸಾಲವಲ್ಲ, ಯಾರೂ ಕೇಳಿರಲಿಲ್ಲ. ತನ್ನಂತಹ ಇನ್ನೊಬ್ಬ ಬಡ ಹುಡುಗಿಯ ಪಾಲನ್ನು ತಾನು ಇಟ್ಟುಕೊಳ್ಳಬಾರದೆಂಬುದು ಅವಳ ನ್ಯಾಯ.

ಅನಂತರದ ಕಥೆ ಎಲ್ಲರೂ ಬಲ್ಲರು. 1895ರಲ್ಲಿ ಪಿಯೆರ್ ಕ್ಯೂರಿಯವರೊಡನೆ ವಿವಾಹ. 1898ರಲ್ಲಿ ಎರಡು ಹೊಸ ಧಾತುಗಳು. ಮೊದಲನೆಯದಕ್ಕೆ, ಭೂಪಟದಲ್ಲಿಲ್ಲದ ತನ್ನ ನಾಡಿನ ನೆನಪಿಗೆ ಪೊಲೋನಿಯಂ ಎಂದು ಹೆಸರಿಟ್ಟರು. 1903ರಲ್ಲಿ ಭೌತಶಾಸ್ತ್ರಕ್ಕೆ, 1911ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್. 1906ರಲ್ಲಿ ಪತಿ ಗಾಡಿಯಡಿಗೆ ಸಿಲುಕಿ ಮೃತರಾದಾಗ, ಅವರ ಸ್ಥಾನದಲ್ಲಿ ನಿಂತು ಸೊರ್ಬೋನಿನಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರೇ. ಫ್ರಾನ್ಸಿನಲ್ಲಿ ಹುಟ್ಟಿ ಬೆಳೆದ ಇಬ್ಬರು ಹೆಣ್ಣುಮಕ್ಕಳಿಗೂ ಪೋಲಿಷ್ ಕಲಿಸಿದರು. ಸ್ವತಂತ್ರ ಪೋಲೆಂಡಿನ ವಾರ್ಸಾದಲ್ಲಿ 1932ರಲ್ಲಿ ರೇಡಿಯಂ ಸಂಸ್ಥೆ ಆರಂಭವಾದಾಗ ಅದಕ್ಕೆ ಒಂದು ಗ್ರಾಂ ರೇಡಿಯಂ ಒದಗಿಸಿಕೊಟ್ಟರು. ಅದನ್ನು ಕಟ್ಟಿಸುವ ಹೊಣೆ ಹೊತ್ತವಳು ಅಕ್ಕ ಬ್ರೋನ್ಯಾಳೇ. ಜೀವಮಾನವಿಡೀ ವಿಕಿರಣದ ನಡುವೆ ದುಡಿದ ದೇಹ ರಕ್ತಹೀನತೆಗೆ ತುತ್ತಾಗಿ 1934ರ ಜುಲೈ 4ರಂದು ಮೇಡಂ ಕ್ಯೂರಿ ನಿಧನರಾದರು.

ಮನೆಯ ಭಾಷೆ ಒಂದು, ಸುತ್ತಲಿನ ಭಾಷೆ ಇನ್ನೊಂದು ಆಗಿರುವ ಗಡಿನಾಡಿನ ನಮಗೆ ಈ ಜೀವನ ದೂರದ್ದೆನಿಸಲಾರದು. ಆಕೆ ರಷ್ಯನ್ ಕಲಿತದ್ದರಿಂದ, ಫ್ರೆಂಚಿನಲ್ಲಿ ಹೆಸರು ಗಳಿಸಿದ್ದರಿಂದ ಪೋಲಿಷ್ ಕಳೆದುಹೋಗಲಿಲ್ಲ. ಇನ್ನೊಂದು ಮಾತು. ಹುಡುಗಿಯ ಬುದ್ಧಿಯೊಂದೇ ಅವಳನ್ನು ಕಾಲೇಜಿಗೆ ಮುಟ್ಟಿಸಲಿಲ್ಲ. ತಂಗಿಯ ದುಡಿಮೆ, ಅಕ್ಕನ ಮಾತಿನ ನಿಷ್ಠೆ, ಮುದಿ ತಂದೆಯ ಬೇಡದ ನೌಕರಿ, ಇವೆಲ್ಲ ಒಟ್ಟು ಸೇರಿ ಒಂದು ರೈಲು ಟಿಕೇಟಾಯಿತು. ಈ ವರ್ಷ ಹಣವಿಲ್ಲವೆಂದು ಮಗಳ ಓದನ್ನು ನಿಲ್ಲಿಸಲು ಹೊರಟ ಮನೆಗಳಲ್ಲಿ, ನಿಲ್ಲಿಸುವ ಬದಲು ಸರದಿ ಗೊತ್ತುಮಾಡಲು ಸಾಧ್ಯವೇ ಎಂದು ಒಮ್ಮೆ ಕುಳಿತು ಲೆಕ್ಕ ಹಾಕಲಿ.