ಶ್ರೀಮತಿ ಮರೀ ವೆಬ್‌ಸ್ಟರ್: ಕ್ವಿಲ್ಟುಗಳ ಚರಿತ್ರೆಯನ್ನು ಬರೆದ ಗೃಹಿಣಿ

ರಾಜರ ಯುದ್ಧಗಳನ್ನೂ ರಾಜ್ಯಗಳ ಏಳುಬೀಳುಗಳನ್ನೂ ಬರೆದಿಡುವುದಕ್ಕೆ ಚರಿತ್ರಕಾರರು ಎಲ್ಲ ಕಾಲದಲ್ಲಿಯೂ ದೊರೆತಿರುವರು. ಆದರೆ ಹಗಲೆಲ್ಲ ಮನೆಗೆಲಸ ಮಾಡಿ, ಸಂಜೆ ದೀಪದ ಮುಂದೆ ಕುಳಿತು, ಬಟ್ಟೆಯ ಚೂರುಗಳನ್ನು ಕೂಡಿಸಿ ಮಕ್ಕಳಿಗೆ ಹೊದಿಕೆಯನ್ನು ಹೊಲಿದ ಸ್ತ್ರೀಯರ ಕೆಲಸಕ್ಕೂ ಒಂದು ಚರಿತ್ರೆಯುಂಟೆಂದು ಬಹುಕಾಲ ಯಾರೂ ಎಣಿಸಲಿಲ್ಲ. ಅಮೆರಿಕ ದೇಶದಲ್ಲಿ ಇಂತಹ ಚರಿತ್ರೆಯನ್ನು ಮೊತ್ತಮೊದಲು ಪೂರ್ಣ ಗ್ರಂಥವಾಗಿ ಬರೆದು ಪ್ರಕಟಿಸಿದವರು ಶ್ರೀಮತಿ ಮರೀ ವೆಬ್‌ಸ್ಟರ್ ಎಂಬವರು. ಅವರ ಜೀವಿತವು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ತಿಳಿಯತಕ್ಕದ್ದಾಗಿದೆ.

ಕ್ವಿಲ್ಟ್ ಎಂಬುದು ನಮ್ಮ ಉತ್ತರ ಕರ್ಣಾಟಕದ ಕೌದಿಯನ್ನು ಹೋಲುವ ಹೊದಿಕೆ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಹತ್ತಿ ಅಥವಾ ಉಣ್ಣೆ. ಈ ಮೂರನ್ನೂ ಸಣ್ಣ ಸಣ್ಣ ಹೊಲಿಗೆಗಳು ಬಿಗಿದು ಹಿಡಿದಿರುವುವು. ಮೇಲಿನ ಪದರವನ್ನು ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಮಾಡುವುದು ಒಂದು ಕ್ರಮ. ಹೂವು ಎಲೆಗಳ ಆಕಾರಕ್ಕೆ ಬಟ್ಟೆಯನ್ನು ಕತ್ತರಿಸಿ ಮತ್ತೊಂದು ಬಟ್ಟೆಯ ಮೇಲಿಟ್ಟು ಹೊಲಿಯುವುದು ಇನ್ನೊಂದು ಕ್ರಮ. ಶ್ರೀಮತಿ ವೆಬ್‌ಸ್ಟರರ ಕೈ ಪಳಗಿದ್ದುದು ಈ ಎರಡನೆಯದರಲ್ಲಿ.

ಅವರು 1859ನೆಯ ಇಸವಿ ಜುಲೈ ತಿಂಗಳಲ್ಲಿ ಇಂಡಿಯಾನ ಸಂಸ್ಥಾನದ ವಾಬಾಷ್ ಎಂಬ ಊರಿನಲ್ಲಿ ಜನಿಸಿದರು. ನಯವಾದ ಸೂಜಿಯ ಕೆಲಸವನ್ನು ತಾಯಿಯೇ ಕಲಿಸಿದರು. ಹೈಸ್ಕೂಲನ್ನು ಮುಗಿಸಿದ ಮೇಲೆ ಕಾಲೇಜಿನ ಮೆಟ್ಟಲೇರುವ ಭಾಗ್ಯವು ಅವರಿಗೆ ದೊರೆಯಲಿಲ್ಲ. ಆದರೂ ಓದುವ ಅಭ್ಯಾಸವನ್ನು ಅವರು ಬಿಡಲಿಲ್ಲ. 1884ರಲ್ಲಿ ಜಾರ್ಜ್ ವೆಬ್‌ಸ್ಟರ್ ಎಂಬ ಬ್ಯಾಂಕು ವ್ಯವಹಾರಸ್ಥರನ್ನು ವಿವಾಹವಾಗಿ ಮೇರಿಯನ್ ಎಂಬ ಪಟ್ಟಣದಲ್ಲಿ ನೆಲಸಿದರು. ಅವರಿಗೆ ಲಾರೆನ್ಸ್ ಎಂಬ ಒಬ್ಬನೇ ಮಗನು. ಇಪ್ಪತ್ತೈದು ವರ್ಷಗಳ ಕಾಲ ಅವರ ಬಾಳು ಇತರ ಗೃಹಿಣಿಯರ ಬಾಳಿನಂತೆಯೇ ಸಾಗಿತು. ಆಗ ಅವರು ಸತ್ತುಹೋಗಿದ್ದರೆ ಊರಿನ ಹೊರಗೆ ಅವರ ಹೆಸರನ್ನು ಬಲ್ಲವರು ಯಾರೂ ಇರುತ್ತಿರಲಿಲ್ಲ.

ಸುಮಾರು 1909ರಲ್ಲಿ, ತಮ್ಮ ಐವತ್ತನೆಯ ವಯಸ್ಸಿನ ಹೊತ್ತಿಗೆ, ಅವರು ತಮ್ಮ ಮೊದಲನೆಯ ಕ್ವಿಲ್ಟನ್ನು ಹೊಲಿದರು. ರೂಢಿಯಲ್ಲಿದ್ದ ಹಳೆಯ ಗುಲಾಬಿಯ ಮಾದರಿಯನ್ನು ಹಾಗೆಯೇ ನಕಲು ಮಾಡದೆ ತಮ್ಮ ಅಭಿರುಚಿಗೆ ತಕ್ಕಂತೆ ಬದಲಿಸಿಕೊಂಡರು. ಹಿಂದಿನ ತಲೆಮಾರಿನಲ್ಲಿ ರೇಷ್ಮೆ ಮಖಮಲ್ಲುಗಳ ಅಡ್ಡಾದಿಡ್ಡಿ ಚೂರುಗಳನ್ನು ಕೂಡಿಸಿದ ಆಡಂಬರದ ಹೊದಿಕೆಗಳು ಪ್ರಚಾರದಲ್ಲಿದ್ದುವು. ಇವರದಾದರೋ ತಿಳಿಯಾದ ಬಣ್ಣ, ತೋಟದಲ್ಲಿ ಕಂಡ ಹೂವು, ಕಣ್ಣಿಗೆ ತಂಪಾದ ವಿನ್ಯಾಸ. ಈ ಕೆಲಸವು ಲೇಡೀಸ್ ಹೋಮ್ ಜರ್ನಲ್ ಎಂಬ ಪ್ರಸಿದ್ಧ ಪತ್ರಿಕೆಗೆ ಮೆಚ್ಚಿಗೆಯಾಗಿ, 1911ನೆಯ ಜನವರಿಯ ಸಂಚಿಕೆಯಲ್ಲಿ ಅವರ ನಾಲ್ಕು ಕ್ವಿಲ್ಟುಗಳ ಚಿತ್ರಗಳು ವರ್ಣದಲ್ಲಿ ಅಚ್ಚಾದುವು. ಮುಂದಿನ ವರ್ಷವೂ ಹೂವಿನ ಕ್ವಿಲ್ಟುಗಳೂ ಶಿಶುಗಳ ಕ್ವಿಲ್ಟುಗಳೂ ಪ್ರಕಟವಾದುವು.

ಒಡನೆಯೇ ಮಾದರಿಗಳನ್ನು ಬೇಡಿ ದೇಶದ ನಾನಾ ಕಡೆಗಳಿಂದ ಕಾಗದಗಳು ಬಂದುವು. ಶ್ರೀಮತಿ ವೆಬ್‌ಸ್ಟರರು ತಮ್ಮ ಮನೆಯಿಂದಲೇ ಒಂದು ಮಾದರಿಗೆ 50 ಸೆಂಟುಗಳಂತೆ ಕಳುಹಿಸತೊಡಗಿದರು. ಪ್ರತಿಯೊಂದು ಲಕೋಟೆಯಲ್ಲಿಯೂ ನೀಲಿ ನಕ್ಷೆ, ಯಾವ ತುಂಡು ಎಲ್ಲಿ ಕೂಡಬೇಕೆಂದು ತೋರಿಸುವ ತೆಳುಕಾಗದ, ಹೊಲಿಯುವ ಕ್ರಮ, ಬಟ್ಟೆಯ ಸಣ್ಣ ಚೂರುಗಳು ಇರುತ್ತಿದ್ದುವು. ಮುಂದೆ 1921ರಲ್ಲಿ ಇಬ್ಬರು ಸ್ನೇಹಿತೆಯರೊಡನೆ ಪ್ರಾಕ್ಟಿಕಲ್ ಪ್ಯಾಚ್‌ವರ್ಕ್ ಕಂಪೆನಿಯನ್ನು ಸ್ಥಾಪಿಸಿದರು.

ಆದರೆ ಅವರ ಹೆಸರನ್ನು ಉಳಿಸಿದುದು 1915ರಲ್ಲಿ ಡಬಲ್‌ಡೇ ಪೇಜ್ ಕಂಪೆನಿಯವರು ಪ್ರಕಟಿಸಿದ ಅವರ ಗ್ರಂಥ. ಕ್ವಿಲ್ಟುಗಳ ಕಥೆಯನ್ನೂ ಅವುಗಳನ್ನು ಮಾಡುವ ವಿಧಾನವನ್ನೂ ಅದು ಒಟ್ಟಿಗೆ ಹೇಳುವುದು. ಪ್ರಾಚೀನ ಐಗುಪ್ತದಿಂದ ಮೊದಲುಗೊಂಡು ಮಧ್ಯಯುಗದ ಯೂರೋಪು, ಇಂಗ್ಲೆಂಡುಗಳನ್ನು ದಾಟಿ ಅಮೆರಿಕಕ್ಕೆ ಬರುವುದು. ಅಜ್ಜಿಯರ ನಾಲಗೆಯ ಮೇಲೆ ಮಾತ್ರ ಇದ್ದ ಮಾದರಿಗಳ ಹೆಸರುಗಳನ್ನು ಅವರು ಒಂದೊಂದಾಗಿ ಕೂಡಿಸಿ ಪಟ್ಟಿ ಮಾಡಿದರು. ಹಳೆಯ ಹೊದಿಕೆಗಳು ಹರಿದು ಒರಸುವ ಬಟ್ಟೆಯಾಗುತ್ತಿದ್ದ ದಿನಗಳಲ್ಲಿ ಅವುಗಳ ಚಿತ್ರಗಳನ್ನು ಪುಸ್ತಕದಲ್ಲಿ ಭದ್ರಪಡಿಸಿದರು.

ಈ ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ಮೊದಲ ವಲಸೆಗಾರರ ಬಡತನದಲ್ಲಿ ಚೂರುಬಟ್ಟೆಯ ಹೊದಿಕೆಯು ಮನೆಮನೆಯಲ್ಲಿಯೂ ಹುಟ್ಟಿತೆಂಬುದು ಆ ಕಾಲದವರ ನಂಬಿಕೆ. ಮನೆಗಳ ಹಳೆಯ ಆಸ್ತಿಪಟ್ಟಿಗಳನ್ನು ಪರಿಶೀಲಿಸಿದ ಮುಂದಿನ ವಿದ್ವಾಂಸರು, ಆಗ ಬಟ್ಟೆಯೇ ದುಬಾರಿಯಾಗಿದ್ದು, ಕ್ವಿಲ್ಟುಗಳು ವಿರಳವಾಗಿದ್ದುವೆಂದು ತೋರಿಸಿರುವರು. ಆದರೆ ತಿದ್ದುವವರಿಗೆ ಮೊದಲು ಬರೆದವರೊಬ್ಬರು ಬೇಕು. ಆ ಮೊದಲನೆಯ ಭಾರವನ್ನು ಹೊತ್ತವರು ಇವರು.

ಮಧ್ಯೆ ಕಷ್ಟಗಳೂ ಇದ್ದುವು. ಪತಿಯು ಸಂಧಿವಾತದಿಂದ ಬಹುಕಾಲ ನರಳಿ 1938ರಲ್ಲಿ ತೀರಿಕೊಂಡರು. ರೋಗಿಯಾದ ಪತಿಯ ಮನೆಯನ್ನು ನಡೆಸುತ್ತಲೇ ಅವರು ಉದ್ಯೋಗವನ್ನೂ ನಡೆಸಿದರು. 1942ರಲ್ಲಿ ಕೆಲಸದಿಂದ ನಿವೃತ್ತರಾಗಿ ಮಗನ ಸಂಸಾರದೊಡನೆ ಪ್ರಿನ್ಸ್‌ಟನ್ನಿಗೆ ಹೋದರು. ಅಲ್ಲಿಯೇ 1956ನೆಯ ಆಗಸ್ಟಿನಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ಕಾಲವಾದರು. ಮೇರಿಯನ್ನಿನಲ್ಲಿ ಅವರು ಬಾಳಿದ ಮನೆಯನ್ನು ಅಮೆರಿಕ ಸರ್ಕಾರವು 1993ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಸಾರಿತು. ಪಾಳುಬಿದ್ದಿದ್ದ ಆ ಮನೆಯು ದುರಸ್ತಿಯಾಗಿ, 2004ರಿಂದ ಕ್ವಿಲ್ಟುಗಳ ವಸ್ತುಸಂಗ್ರಹಾಲಯವಾಯಿತು.

ಈ ಜೀವಿತದಿಂದ ನಾವು ಕಲಿಯತಕ್ಕುದೇನು? ಶಾಲೆಯನ್ನು ಬಿಟ್ಟು ಹೋದ ನಮ್ಮ ಹುಡುಗಿಯರಲ್ಲಿ ಅನೇಕರು, ಮನೆಯ ಹೊಣೆಯು ಹೆಗಲಿಗೇರಿದ ಮೇಲೆ, ತಮ್ಮ ಕಲಿಕೆಯ ಕಾಲವು ಮುಗಿಯಿತೆಂದು ನಿಟ್ಟುಸಿರು ಬಿಡುವುದುಂಟು. ಐವತ್ತರಲ್ಲಿ ಸೂಜಿಗೆ ದಾರ ಪೋಣಿಸಿ, ಐವತ್ತಾರರಲ್ಲಿ ಗ್ರಂಥಕರ್ತೆಯಾದ ಈ ಗೃಹಿಣಿಯನ್ನು ಅವರು ನೆನೆಯಲಿ. ಹೊಲಿಗೆಯ ಪಾಠವು ಪರೀಕ್ಷೆಗೆ ಬಾರದ ವಿಷಯವೆಂದು ಹಗುರವಾಗಿ ಕಾಣುವ ತಾಯಿತಂದೆಗಳೂ ನೆನೆಯಲಿ.

ಇನ್ನೊಂದು ಮಾತು. ನಮ್ಮ ಮನೆಗಳ ಪೆಟ್ಟಿಗೆಗಳ ತಳದಲ್ಲಿಯೂ ಅಜ್ಜಿ, ಮುತ್ತಜ್ಜಿಯರು ಹೊಲಿದ ಕೌದಿಗಳಿವೆ. ಅವುಗಳನ್ನು ಹೊಲಿದ ಕೈ ಯಾರದು, ಯಾವ ವರ್ಷದಲ್ಲಿ, ಯಾವ ಮಗುವಿಗಾಗಿ ಎಂಬುದನ್ನು ಬಲ್ಲವರು ದಿನದಿನಕ್ಕೂ ಕಡಿಮೆಯಾಗುತ್ತಿರುವರು. ಬಲ್ಲವರು ಬದುಕಿರುವಾಗಲೇ ಕೇಳಿ ತಿಳಿದುಕೊಳ್ಳಿರಿ. ಒಂದು ಚೂರು ಬಟ್ಟೆಯ ಮೇಲೆ ಹೆಸರನ್ನೂ ವರ್ಷವನ್ನೂ ಹೊಲಿದು ಕೌದಿಯ ಮೂಲೆಗೆ ಸೇರಿಸಿರಿ. ಅಷ್ಟು ಮಾಡಿದ ಮಗಳು ತನ್ನ ಮನೆಯ ಚರಿತ್ರಕಾರ್ತಿಯೇ ಸರಿ.